ಮೂರನೆಯ ಪಾತ್ರೆಯ ಹಿಟ್ಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಜಯಶೀಲರು ಹೇಳುತ್ತಾರೆ. ಹೇಳಲಿ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಫ್ಯಾಕ್ಟರಿಗಳ ನಡುವೆ, ಇಪ್ಪತ್ತೆರಡು ವರ್ಷ ಹೋಟೆಲು ನಡೆಸಿದವರಿಗೆ ಅಷ್ಟೂ ಕೋಪ ಬೇಡವೇ? ಅವರು ಒಳಗೆ ಒಲೆಯ ಮುಂದೆ, ನಾನು ಹೊರಗೆ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ. ಒಳಗೆ ಮಾತೇ ಇಲ್ಲ, ಹೊರಗೆ ಮಾತು ನಿಲ್ಲುವುದೇ ಇಲ್ಲ. ಹಾಗಾಗಿಯೇ ನಮ್ಮ ಹೋಟೆಲು ನಡೆಯುತ್ತಿದೆ.

ಇದು 2011ರ ಮಾತು. ಮಗಳು ಅಶ್ಮಿತಾ ಆಗ ಕಲ್ಯಾಣದ ಕಾಲೇಜೊಂದರಲ್ಲಿ ಎಂಎಸ್ಸಿ ಎರಡನೆಯ ವರ್ಷದಲ್ಲಿದ್ದಳು. ಮೈಕ್ರೋಬಯಾಲಜಿ, ಅಂದರೆ ಕಣ್ಣಿಗೆ ಕಾಣದ ಜೀವಿಗಳ ಶಾಸ್ತ್ರ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರಾದರೆ ಮೊದಲು ಅವಳ ದಿನಚರಿ ಕೇಳಿ. ಬೆಳಿಗ್ಗೆ ಆರಕ್ಕೆ ನನ್ನ ಜೊತೆ ಗಲ್ಲೆಯಲ್ಲಿ ಒಂದು ಗಂಟೆ. ಆಮೇಲೆ ಲೋಕಲ್ ರೈಲು ಹಿಡಿದು ಕಲ್ಯಾಣ. ಕ್ಲಾಸು ಮುಗಿದ ಕೂಡಲೇ ವಾಪಸ್ ಠಾಣೆ, ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ಘಣಸೋಲಿ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಮಹಾಪೆ. ಮಹಾಪೆಯ ಒಂದು ಲ್ಯಾಬಿನಲ್ಲಿ ಉಪ್ಪಿನಕಾಯಿ, ಮಸಾಲೆ ಪುಡಿಗಳನ್ನು ಪರೀಕ್ಷಿಸುವ ಅರ್ಧ ದಿನದ ಕೆಲಸ ಅವಳಿಗೆ. ಓದುವುದೆಲ್ಲ ಗಾಡಿಯಲ್ಲಿ, ಅದೂ ನಿಂತುಕೊಂಡು. ಫೀಸಿಗೆ ಒಂದು ದಿನವೂ ನಮ್ಮ ಕೈ ನೋಡಿದವಳಲ್ಲ.

ಭಾನುವಾರ ಮಾತ್ರ ಅವಳನ್ನು ಯಾರೂ ಕೇಳುವಂತಿರಲಿಲ್ಲ. ಗೆಳತಿಯರ ಜೊತೆ ಯೇವೂರಿನ ಬೆಟ್ಟ ಹತ್ತಿ, ಅಲ್ಲಿ ವಡಾಪಾವ್ ತಿಂದು ಬರುವಳು. “ಅಪ್ಪನ ಹೋಟೆಲಲ್ಲಿ ವಡೆ ಇರುವಾಗ ಬೆಟ್ಟಕ್ಕೆ ಹೋಗಿ ವಡೆ ತಿನ್ನುದು ಎಂತಕ್ಕೆ ಮಾರಾಯ್ತಿ?” ಎಂದು ನಾನು ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ: “ಸಂಡೇ ಹೈ ಅಮ್ಮಾ, ದಿಮಾಗ್ ಕೋ ಭೀ ಛುಟ್ಟಿ ಚಾಹಿಯೇ.” ತಲೆಗೂ ರಜೆ ಬೇಕಂತೆ. ನಾವು ತುಳುವಿನಲ್ಲಿ ಕೇಳಿದರೂ, ಕನ್ನಡದಲ್ಲಿ ಕೇಳಿದರೂ ಅವಳದು ಹಿಂದಿಯೇ. ಅದೂ ಅರ್ಧ ವಾಕ್ಯ.

ಆ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ನಮ್ಮ ಹೋಟೆಲಿನ ಇಡ್ಲಿ ಹಿಟ್ಟು. ಹೋಟೆಲಿನ ಅಡುಗೆಮನೆಯ ಸೆಕೆಯಲ್ಲಿ ಹಿಟ್ಟು ಮೂರು ದಿನ ಹೇಗೆ ಉಬ್ಬುತ್ತದೆ, ಎಷ್ಟು ಹುಳಿಯಾಗುತ್ತದೆ ಎಂದು ಅಳೆಯುವುದು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ಹೀಗೆ ದಿನಕ್ಕೆ ಮೂರು ಸಲ. ಒಂದೇ ಸಲ ಅಳೆದರೆ ಸಾಲದಂತೆ, ಬೇರೆ ಬೇರೆ ವಾರ ಮೂರು ಪಾತ್ರೆ ಇಟ್ಟು ಮೂರೂ ತಾಳೆಯಾಗಬೇಕಂತೆ. ಮೊದಲೆರಡು ಪಾತ್ರೆಗಳನ್ನು ಅಡುಗೆಮನೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಇಟ್ಟು, ಕಾಲೇಜಿಗೂ ಲ್ಯಾಬಿಗೂ ರಜೆ ಹಾಕಿ ಕಾದು ಕುಳಿತು ಅಳೆದಿದ್ದಳು. ಮೂರನೆಯ ಸಲ ಆ ಕೋಣೆಯಲ್ಲಿ ಅಕ್ಕಿ ಮೂಟೆ ಬಂದು ಬಿದ್ದಿತ್ತು. ಪಾತ್ರೆಯನ್ನು ಗ್ರೈಂಡರಿನ ಪಕ್ಕದ ಹಲಗೆಯ ಮೇಲೆ ಇಟ್ಟು, ಬಂದು ನನಗೆ ಹೇಳಿದಳು. ಗಲ್ಲೆಯ ಮುಂದೆ ಎಂಟು ಜನ ನಿಂತಿದ್ದರು. ನಾನು ಹ್ಞೂಂ ಹ್ಞೂಂ ಅಂದೆ. ಏನು ಹೇಳಿದಳೆಂದು ಕಿವಿಗೆ ಬೀಳಲೇ ಇಲ್ಲ.

ಮೂರನೆಯ ದಿನ, ಮಂಗಳವಾರ, ಅವಳು ಹಾಲ್ ಟಿಕೆಟ್ ತರಲು ಕಲ್ಯಾಣಕ್ಕೆ ಹೋದಳು. ಹತ್ತೂವರೆಗೆ ನಾನು ಅಡುಗೆಮನೆಗೆ ಕಾಲಿಟ್ಟೆ. ಹುಳಿ ವಾಸನೆ ಮೂಗಿಗೆ ಬಡಿಯಿತು. ಮುಚ್ಚಳ ತೆಗೆದು ನೋಡಿದರೆ ಹಿಟ್ಟು ನೊರೆ ಬಂದು ಕೂತಿದೆ. ನನ್ನ ಹೋಟೆಲಿನಲ್ಲಿ ಮೂರು ದಿನದ ಹಿಟ್ಟು! ಮುಚ್ಚಳದ ಮೇಲೆ ಏನೋ ಬರೆದಿತ್ತು, ಅದನ್ನು ಓದುವ ತಾಳ್ಮೆ ಯಾರಿಗಿತ್ತು?

“ಇದೆಂತ ಇದು? ಹಿಟ್ಟು ಹೀಗೆ ಬಿಡ್ಲಿಕ್ಕೆ ಉಂಟಾ? ಈಗಲೇ ಉತ್ತಪ್ಪ ಮಾಡಿ ಮುಗಿಸಿ” ಎಂದೆ.

ಉಡುಪಿ ಕಡೆಯ ಯಾವ ಹೋಟೆಲಿನವರೂ ಹುಳಿ ಹಿಟ್ಟನ್ನು ಚೆಲ್ಲುವುದಿಲ್ಲ. ಈರುಳ್ಳಿ, ಹಸಿಮೆಣಸು ಹೆಚ್ಚಿ ಹಾಕಿ ಉತ್ತಪ್ಪ ಹೊಯ್ಯುತ್ತೇವೆ. ಜಯಶೀಲರು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು, ಕಾವಲಿ ಇಟ್ಟರು. ಇಪ್ಪತ್ತು ಉತ್ತಪ್ಪ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಪಕ್ಕದ ಫ್ಯಾಕ್ಟರಿಯ ಸೂಪರ್‌ವೈಸರ್ ರಾಯಪ್ಪ ಧಾರವಾಡ ಕಡೆಯವರು, ಎರಡು ತಿಂದು ಕೈ ತೊಳೆದು ಬಂದು, “ಅಕ್ಕಾರ, ಇವತ್ತ ಉತ್ತಪ್ಪ ಭಾರಿ ಆಗೇತ್ರಿ. ದಿನಾ ಹಿಂಗ ಮಾಡ್ರಿ” ಎಂದು ಹೊಗಳಿ ಹೋದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅಶ್ಮಿತಾ ಓಡಿಕೊಂಡು ಬಂದು ನೇರ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ತೊಳೆದ ಪಾತ್ರೆ.

“ಅಮ್ಮಾ, ಮೇರಾ ಸ್ಯಾಂಪಲ್?”

ಉತ್ತಪ್ಪ ಮಾಡಿಸಿದ್ದನ್ನು ಹೇಳಿದೆ. ಕಿರುಚುತ್ತಾಳೆ ಅಂದುಕೊಂಡೆ, ನನ್ನ ಮಗಳಲ್ಲವೇ. ಅವಳು ನಾಲ್ಕನೇ ಟೇಬಲಿನ ಕುರ್ಚಿಯಲ್ಲಿ ಕುಳಿತು ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಪ್ರಾಜೆಕ್ಟು ಕೊಡಬೇಕಾದದ್ದು ಮುಂದಿನ ಸೋಮವಾರ. ಮರುದಿನದಿಂದ ಶುಕ್ರವಾರದವರೆಗೆ ಅವಳಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕಲ್ಯಾಣದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಕೊಡದಿದ್ದರೆ ಆರು ತಿಂಗಳು ಮುಂದಕ್ಕೆ. ಪಾಸಾದರೆ ಜೂನಿನಿಂದ ಪೂರ್ತಿ ಕೆಲಸ ಎಂದು ಮಹಾಪೆಯವರು ಹೇಳಿದ್ದರು, ಅವರೇನು ಆರು ತಿಂಗಳು ಕಾಯುತ್ತಾರೆಯೇ?

ತಪ್ಪು ನನ್ನದು. ತಪ್ಪು ಮಾಡಿದವರಿಗೆ ಬುದ್ಧಿ ಇನ್ನೂ ಅಡ್ಡ ಓಡುತ್ತದೆ. “ಎರಡು ಪಾತ್ರೆದ್ದು ಲೆಕ್ಕ ಉಂಟಲ್ಲ. ಅದನ್ನೇ ಸ್ವಲ್ಪ ಹೆಚ್ಚು ಕಮ್ಮಿ ಮಾಡಿ ಬರಿ. ಯಾರು ನೋಡ್ತಾರೆ?” ಎಂದೆ.

ಅವಳು ತಲೆಯೆತ್ತಿದಳು. ಈ ಸಲ ಕನ್ನಡದಲ್ಲೇ ಹೇಳಿದಳು, ಪೂರ್ತಿ ವಾಕ್ಯ. “ನಿನ್ನೆಯ ಇಡ್ಲಿ ಬಿಸಿ ಮಾಡಿ ಇವತ್ತಿನದ್ದು ಅಂತ ನೀನು ಮಾರ್ತೀಯಾ ಅಮ್ಮ?”

ಮಗಳ ಕೈಯಲ್ಲಿ ಹೀಗೆ ಕೇಳಿಸಿಕೊಂಡರೆ ಯಾರಿಗಾದರೂ ಸಿಟ್ಟು ಬರಬೇಕು. ನನಗೆ ಬಂದದ್ದು ಹೆಮ್ಮೆ. ಇಂಥವಳನ್ನು ಹೆತ್ತಿದ್ದೇನಲ್ಲ ಅನ್ನಿಸಿತು. ಆದರೆ ಅದನ್ನು ಆಗ ಹೇಳುವ ಮುಖ ನನಗಿರಲಿಲ್ಲ.

“ನಾಳೆ ಬೆಳಿಗ್ಗೆ ಹೊಸ ಹಿಟ್ಟು ಇಡು. ಮಧ್ಯಾಹ್ನದ್ದು, ಸಂಜೆದ್ದು ನಾನು ಅಳೀತೇನೆ. ಕಲಿಸು” ಎಂದೆ.

ಕಲಿಸಿದಳು. ಹುಳಿ ಅಳೆಯುವ, ಪೆನ್ನಿನಂಥ ಮೀಟರನ್ನು ತೊಳೆದು ಹಿಟ್ಟಿನಲ್ಲಿ ಅದ್ದಬೇಕು, ಅಂಕಿ ನಿಂತ ಮೇಲೆ ಬರೆಯಬೇಕು. ಹಿಟ್ಟು ಎಷ್ಟು ಉಬ್ಬಿದೆ ಎಂದು ಪಾತ್ರೆಯ ಗೆರೆ ನೋಡಬೇಕು. ಗಡಿಯಾರ ನೋಡಿ ಹೊತ್ತು ಬರೆಯಬೇಕು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಪ್ರತಿ ಅಂಕಿಯನ್ನೂ ಎರಡು ಸಲ ನೋಡಿ ಬರೆದೆ. ಜಯಶೀಲರು ಒಳಗಿನಿಂದ, “ನಿಂಗೆ ಹೋಟೆಲ್ ಬೇಡ, ಕಾಲೇಜಿಗೇ ಹೋಗು” ಎಂದು ನಕ್ಕರು. ಬುಧವಾರದ್ದು ಎರಡೂ ಸಲ ಸರಿಯಾಗಿ ಬರೆದೆ.

ಗುರುವಾರ ಯಾವುದೋ ಫ್ಯಾಕ್ಟರಿಯ ಕ್ಯಾಂಟೀನು ಮುಚ್ಚಿತ್ತಂತೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೂವತ್ತು ಜನ ಒಟ್ಟಿಗೆ ನುಗ್ಗಿದರು. ಒಬ್ಬರಿಗೆ ಥಾಲಿ, ಇನ್ನೊಬ್ಬರಿಗೆ ಮೊಸರು, ಮತ್ತೊಬ್ಬರಿಗೆ ಚಿಲ್ಲರೆ. ತಲೆಯೆತ್ತಿ ಗಡಿಯಾರ ನೋಡಿದಾಗ ಹನ್ನೆರಡು ನಲವತ್ತು. ಗಲ್ಲೆ ಬಿಟ್ಟು ಒಳಗೆ ಓಡಿ ಮೀಟರು ಅದ್ದಿದೆ. ಅಂಕಿ ಬರೆದೆ. ಹೊತ್ತು ಬರೆಯುವ ಚೌಕದಲ್ಲಿ ಪೆನ್ನು ನಿಂತಿತು. ಹನ್ನೆರಡು ಎಂದು ಬರೆದರೆ ಕೇಳುವವರು ಯಾರು? ಅಡುಗೆಮನೆಯಲ್ಲಿ ಜಯಶೀಲರನ್ನು ಬಿಟ್ಟರೆ ಯಾರೂ ಇಲ್ಲ, ಅವರು ಇದ್ದೂ ಇಲ್ಲದ ಹಾಗೆ. ಆದರೆ ಮಂಗಳವಾರ ನನ್ನನ್ನು ನೋಡಿದ ಮಗಳ ಕಣ್ಣು ನೆನಪಾಯಿತು. ಹನ್ನೆರಡು ನಲವತ್ತು ಎಂದೇ ಬರೆದೆ.

ಸಂಜೆ ಬಂದು ನೋಡಿದವಳ ಮುಖ ಸಣ್ಣದಾಯಿತು. ಉಳಿದ ಎಲ್ಲ ಕಡೆ ಸರಿಯಾಗಿ ಹನ್ನೆರಡು, ಇಲ್ಲಿ ಒಂದು ಕಡೆ ಹೀಗಾದರೆ ಹೊರಗಿನ ಪರೀಕ್ಷಕರು ಕೇಳಿಯೇ ಕೇಳುತ್ತಾರಂತೆ. ಮೂರನೆಯ ಪಾತ್ರೆಯನ್ನೇ ಒಪ್ಪದಿದ್ದರೂ ಆಯಿತಂತೆ. “ಛೋಡ್ ಅಮ್ಮಾ, ದೇಖ್ ಲೇಂಗೇ” ಎಂದಳು, ಬಿಡು ನೋಡಿಕೊಳ್ಳೋಣ ಅಂತ. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಶುಕ್ರವಾರದ ಅಳತೆ ಮುಗಿದು, ಸೋಮವಾರ ಪ್ರಾಜೆಕ್ಟು ಕೊಟ್ಟಾಯಿತು. ಮೌಖಿಕ ಪರೀಕ್ಷೆಯ ದಿನ ನಾನೂ ಹೊರಟೆ. ಬೇಡವೆಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ತಪ್ಪು ನನ್ನದೆಂದು ಹೇಳಲು ಒಬ್ಬರಾದರೂ ಅಲ್ಲಿ ಬೇಡವೇ? ಗಲ್ಲೆಯನ್ನು ಗಂಡನಿಗೆ ಒಪ್ಪಿಸಿ, ರೇಷ್ಮೆ ಸೀರೆ ಉಟ್ಟು, ಅವಳ ಜೊತೆ ಕಲ್ಯಾಣದ ಗಾಡಿ ಹತ್ತಿದೆ. ಕಾಲೇಜಿನ ವರಾಂಡದ ಬೆಂಚಿನಲ್ಲಿ ಕುಳಿತೆ. ಅವಳು ಒಳಗೆ ಹೋದಳು. ಹತ್ತು ನಿಮಿಷ ಆಗಿರಬಹುದು, ಬಾಗಿಲು ತೆರೆದು ಅವಳೇ ಬಂದಳು.

“ಅಮ್ಮಾ, ಅಂದರ್ ಬುಲಾ ರಹೇ ಹೈಂ.”

ನನ್ನನ್ನು ಒಳಗೆ ಕರೆಯುತ್ತಿದ್ದಾರಂತೆ, ಎದ್ದು ಹೋದೆ. ಒಳಗೆ ಮೇಜಿನ ಹಿಂದೆ ವಯಸ್ಸಾದ ಮರಾಠಿ ಮೇಡಂ ಒಬ್ಬರು, ಅವರೇ ಹೊರಗಿನ ಪರೀಕ್ಷಕರು. ಪ್ರಾಜೆಕ್ಟಿನ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಈ ಪ್ರಫುಲ್ಲಾ ನೀವೇ ಏನು ಎಂದು ಹಿಂದಿಯಲ್ಲಿ ಕೇಳಿದರು. ನೋಡಿದೆ. ಮೂರನೆಯ ಪಾತ್ರೆಯ ಅಂಕಿಗಳ ಕೆಳಗೆ, ಅಳೆದವರು ಎಂಬ ಜಾಗದಲ್ಲಿ ಇಂಗ್ಲಿಷಿನಲ್ಲಿ ಎರಡು ಹೆಸರು ಅಚ್ಚಾಗಿತ್ತು. ಒಂದು ಅವಳದು, ಇನ್ನೊಂದು ನನ್ನದು. ಪುಣ್ಯಾತ್ಗಿತ್ತಿ ನನಗೆ ಒಂದು ಮಾತೂ ಹೇಳಿರಲಿಲ್ಲ.

ಮೇಡಂ ಬೆರಳು ಹನ್ನೆರಡು ನಲವತ್ತರ ಮೇಲೆ ಇಟ್ಟರು. ಇಲ್ಲಿ ಮಾತ್ರ ಹೀಗೇಕೆ ಎಂದರು.

“ಊಟದ ರಶ್ ಇತ್ತು ಮೇಡಂ, ಮರೆತುಹೋಯ್ತು. ತಪ್ಪು ನನ್ನದು, ಅವಳದ್ದಲ್ಲ” ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ.

“ಹನ್ನೆರಡು ಅಂತಲೇ ಬರೆಯಬಹುದಿತ್ತಲ್ಲ?”

“ಹನ್ನೆರಡಕ್ಕೆ ನಾನು ನೋಡ್ಲೇ ಇಲ್ಲವಲ್ಲ ಮೇಡಂ.”

ಅವರು ಕೆಂಪು ಪೆನ್ನು ತೆಗೆದು ಆ ಸಾಲಿನ ಪಕ್ಕ ಒಂದು ಸರಿ ಗುರುತು ಹಾಕಿ, ಈ ಪಾತ್ರೆಯನ್ನು ಒಪ್ಪಿದ್ದೇನೆ ಎಂದರು. ಅಶ್ಮಿತಾಳ ಕಡೆ ತಿರುಗಿ ಮುಂದಿನ ಪ್ರಶ್ನೆ ಕೇಳಿದರು, ಇಂಗ್ಲಿಷಿನಲ್ಲಿ.

ಫಲಿತಾಂಶ ಬಂದದ್ದು ಆಮೇಲೆ. ಫಸ್ಟ್ ಕ್ಲಾಸ್, ಜೂನಿನಿಂದ ಮಹಾಪೆಯ ಕೆಲಸ, ಅದನ್ನೆಲ್ಲ ಗಲ್ಲೆಗೆ ಬಂದವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಆದರೆ ಆ ಕೋಣೆಯ ಮಾತು ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ನನ್ನನ್ನು ಹೊರಗೆ ಹೋಗಿ ಎಂದು ಯಾರೂ ಹೇಳಲಿಲ್ಲ, ನಾನು ಮೂಲೆಯ ಕುರ್ಚಿಯಲ್ಲಿ ಕುಳಿತೆ. ನನಗೆ ಅರ್ಧ ವಾಕ್ಯದಲ್ಲಿ ಉತ್ತರ ಕೊಡುವ ಹುಡುಗಿ ಇಪ್ಪತ್ತು ನಿಮಿಷ ನಿಂತು ಮಾತಾಡಿದಳು. ಮೇಡಂ ನಾಲ್ಕು ಸಲ ಅಡ್ಡ ಹಾಕಿದರು. ನಾಲ್ಕು ಸಲವೂ ಅವಳು ತಡವರಿಸದೆ ಉತ್ತರ ಕೊಟ್ಟಳು. ನಮ್ಮ ಹಿಟ್ಟಿನ ಮಾತು ಎಂದು ಗೊತ್ತು, ಅದರಲ್ಲಿ ಇಡ್ಲಿ, ಹೋಟೆಲ್ ಅನ್ನುವುದು ಬಿಟ್ಟರೆ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಇಷ್ಟು ವರ್ಷ ಈ ಹುಡುಗಿ ಗಾಡಿಯಲ್ಲಿ ನಿಂತು ಏನು ಓದುತ್ತಿದ್ದಳೆಂದು ಅವತ್ತು ಕಂಡೆ. ನಡುವೆ ಒಮ್ಮೆ ಅವಳು “ಮೈ ಮದರ್” ಎಂದು ನನ್ನ ಕಡೆ ಕೈ ತೋರಿಸಿದಳು. ಮೇಡಂ ತಿರುಗಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ.