ಮಗ್ಗದ ಓಣಿಯ ಬ್ಯಾಂಡು

ಬನಹಟ್ಟಿಯ ಯಲ್ಲಾಲಿಂಗನ ಬ್ಯಾಂಡು ಬಾರದೆ ಸುತ್ತಲಿನ ಊರುಗಳಲ್ಲಿ ಮದುವೆಯ ಮೆರವಣಿಗೆ ಹೊರಡುತ್ತಿರಲಿಲ್ಲ. ಅವನ ಕ್ಲಾರಿನೆಟ್ಟಿಗೆ ಕುಣಿದವರು ಬಹಳ. ಅವನ ಹೆಸರೇನೆಂದು ಕೇಳಿದವರು ಯಾರೂ ಇರಲಿಲ್ಲ. ಮೊದಲು ಕೇಳಿದವಳು ಮೃಣ್ಮಯಿ. ಜಮಖಂಡಿಯವಳು, ಪುಣೆಯಲ್ಲಿ ಜಾಝ್ ಪಿಯಾನೊ ನುಡಿಸಿ ಹೆಸರು ಮಾಡಿದವಳು. ಅವಳ ತಂಗಿಯ ಮದುವೆಯಲ್ಲಿ ಮದುಮಗನ ಕುದುರೆ ಬೆದರಿ ಬೀದಿಯಲ್ಲೇ ನಿಂತುಬಿಟ್ಟಿತು. ಹೊತ್ತು ಹೋಗಲೆಂದು ಯಲ್ಲಾಲಿಂಗ ಸಿನಿಮಾ ಹಾಡು ಬಿಟ್ಟು, ಕುರಿ ಕಾಯುತ್ತಿದ್ದ ಅಜ್ಜನಿಂದ ಕಲಿತ ಧಾಟಿಯೊಂದನ್ನು ಹಿಡಿದು ಮನಸ್ಸಿಗೆ ಬಂದಂತೆ ಬೆಳೆಸುತ್ತ ಹೋದ. ಮೃಣ್ಮಯಿ ಗುಂಪು ಸರಿಸಿಕೊಂಡು ಮುಂದೆ ಬಂದಳು.

“ಮಾಸ್ತರ, ನಿಮ್ಮ ಹೆಸರೇನು? ಇದನ್ನ ನಾವು ಜಾಝ್ ಅಂತೀವಿ. ನಿಮ್ಮ ಬ್ಯಾಂಡಿಂದು ಒಂದು ಸಿ.ಡಿ. ಮಾಡೋಣು. ನಾ ಪಾವ್ಣೇರಂಗ ಬಂದು ಪಿಯಾನೊ ಬಾರಸ್ತೀನಿ.”

ಬೆಳಗಾವಿಯ ಸ್ಟುಡಿಯೋದಲ್ಲಿ ಒಬ್ಬೊಬ್ಬರನ್ನು ಒಂದೊಂದು ಗಾಜಿನ ಕೋಣೆಯಲ್ಲಿ ಕೂರಿಸಿದರು. ಒಬ್ಬರ ಉಸಿರು ಒಬ್ಬರಿಗೆ ಕೇಳದೆ ಬ್ಯಾಂಡು ಜೀವ ಕಳೆದುಕೊಂಡಿತು. “ನೀವು ದಿನಾ ಬಾರಸೋ ಜಾಗಾದಾಗ ಮಾಡೋಣು,” ಎಂದು ಮೃಣ್ಮಯಿಯೇ ಅಂದಳು. ಹೀಗೆ ಆ ಬೇಸಿಗೆಯಲ್ಲಿ ರೆಕಾರ್ಡಿಂಗ್ ಮಾಡುವ ಗುರುರಾಜ ತನ್ನ ಸಾಮಾನು ಹೊತ್ತುಕೊಂಡು ಬನಹಟ್ಟಿಯಲ್ಲಿ ಬ್ಯಾಂಡಿನವರು ತಾಲೀಮು ಮಾಡುತ್ತಿದ್ದ, ಪತ್ರಾಸಿನ ತಗಡು ಹೊದಿಸಿದ ಕೋಣೆಗೆ ಬಂದ.

ಓಣಿಯ ತುಂಬ ಪವರ್‌ಲೂಮು. ಕರೆಂಟ್ ಇದ್ದರೆ ಮಗ್ಗಗಳ ಖಟಪಟ. ಕರೆಂಟ್ ಹೋದರೆ ಓಣಿ ಗಪ್ಪಾಗುತ್ತಿತ್ತು, ಆದರೆ ಗುರುರಾಜನ ಮಷಿನ್ನು, ಮೃಣ್ಮಯಿಯ ಕರೆಂಟಿನ ಪಿಯಾನೊ ಎರಡೂ ಅದರ ಜೊತೆಗೇ ಗಪ್ಪು. ಬೆಳಗಿನಿಂದ ಒಂದು ಹಾಡೂ ಆಗಲಿಲ್ಲ. ಅಷ್ಟು ದೂರದಿಂದ ಬಂದವಳೆದುರು ಯಲ್ಲಾಲಿಂಗನಿಗೆ ತಲೆ ಎತ್ತಲಾಗಲಿಲ್ಲ. ಪಕ್ಕದ ಮನೆಯ ನೇಕಾರ ಬಸಗೊಂಡಪ್ಪನಿಗೆ ಮಗ್ಗ ನಿಲ್ಲಿಸೆನ್ನಲು ಬಾಯಿ ಬರಲಿಲ್ಲ. ನೇಯ್ದಷ್ಟೇ ಕೂಲಿ, ಯಾರ ಹೊಟ್ಟೆಯ ಮೇಲೆ ಹಾಡು ನುಡಿಸುವುದು?

ಚಹಾ ತಂದ ಹೆಂಡತಿ ಲಗಮವ್ವ ಅವನ ಮುಖ ನೋಡಿದಳು. “ಮೆರವಣಿಗಿ ಲೈಟಿನ ಜನರೇಟರ್ ಮನ್ಯಾಗ ಯಾತಕ್ಕ ಐತಿ? ಹಳ್ಳದ ದಂಡಿಗೆ ಒಯ್ದು ನಿಲ್ಲಸ್ರಿ, ಅದರ ಸಪ್ಪಳ ಇಲ್ಲಿಗೆ ಬರೂದಿಲ್ಲ, ಅಲ್ಲಿಂದ ವಾಯರ್ ಎಳೀರಿ. ಕರೆಂಟ್ ಹೋದಕೂಡ್ಲೆ ಚಾಲೂ ಮಾಡ್ರಿ.”

ಮೃಣ್ಮಯಿ ಬಿದ್ದು ಬಿದ್ದು ನಕ್ಕಳು. ಆಮೇಲೆ ತಾನೂ ವಾಯರಿನ ಸುರುಳಿ ಹಿಡಿದು ಹಳ್ಳದ ತನಕ ನಡೆದಳು.

ಮಧ್ಯಾಹ್ನ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ನಿಂತವು. ಗುರುರಾಜ ಕೈ ಎತ್ತಿದ. ಯಲ್ಲಾಲಿಂಗ ಅಜ್ಜನ ಧಾಟಿಯನ್ನು ಮೆಲ್ಲಗೆ ಎತ್ತಿಕೊಂಡ. ಪಿಯಾನೊ ಮೊದಲು ಹಿಂದೆಯೇ ಉಳಿಯಿತು. ಅವನು ಉಸಿರು ತೆಗೆದುಕೊಂಡಲ್ಲಿ ಒಂದು ಮಾತು ಸೇರಿಸಿತು. ಅವನು ಅದಕ್ಕೆ ಉತ್ತರ ಕೊಟ್ಟ. ಅವಳು ಅದನ್ನು ತಿರುವಿ ಮರಳಿಸಿದಳು. ಡ್ರಮ್ಮು, ತುತ್ತೂರಿ ಒಳಗೆ ಬಂದವು. ಹಾಡು ಉಬ್ಬುತ್ತಿರುವಾಗಲೇ ತಲೆಯ ಮೇಲಿನ ಬಲ್ಬು ಹೊತ್ತಿಕೊಂಡಿತು.

ಕರೆಂಟ್ ಬಂದಿತ್ತು! ಇನ್ನೇನು ಖಟಪಟ ಶುರುವಾಗುತ್ತದೆ ಎಂದು ಯಲ್ಲಾಲಿಂಗ ಕಣ್ಣು ಮುಚ್ಚಿ, ಬೆರಳು ನಿಲ್ಲಿಸದೆ ಊದಿದ. ಒಂದು ಮಗ್ಗವೂ ಏಳಲಿಲ್ಲ. ಅವನು ಹಾಡನ್ನು ಎತ್ತರಕ್ಕೆ ಒಯ್ದ, ಇಳಿಸಿದ, ಮುಗಿಸಿದ. ಆಗಲೂ ಇಲ್ಲ.

ಬಾಗಿಲು ತೆಗೆದು ಹೊರಗೆ ಬಂದ. ಓಣಿಯ ನೇಕಾರರೆಲ್ಲ ಬಾಗಿಲುಗಳಲ್ಲಿ ನಿಂತಿದ್ದರು. ಲಗಮವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಟ್ಟೆಯ ಮೇಲೆ ಕುಳಿತಿದ್ದ ಬಸಗೊಂಡಪ್ಪ ಕೇಳಿದ, “ಮುಗೀತೇನಪಾ? ಮಗ್ಗಾ ಚಾಲೂ ಮಾಡ್ಲ್ಯಾ?”

“ಇನ್ನೊಂದು ಹಾಡ ಐತ್ರಿ, ಕಾಕಾ.”

“ಹಂಗಾರ ಬಾರಸು. ನಮ್ಮ ಓಣ್ಯಾಗ ಸಿ.ಡಿ. ದಿನಾ ಆಗ್ತೈತೇನು?”

ಸಾವಿರ ಜನರ ಮದುವೆಗೆ ಯಲ್ಲಾಲಿಂಗ ಊದಿದ್ದ. ಕೆಲಸ ಬಿಟ್ಟು ಕೇಳಿದವರು ಇವರೇ ಮೊದಲು. ಎದೆ ಸೆಟೆಸಿ ಒಳಗೆ ಹೋದ.

“ಬಾಗಿಲಾ ಹಾಕ್ಲೇನ್ರಿ?” ಎಂದ ಗುರುರಾಜ.

“ಬ್ಯಾಡ್ರಿ,” ಎಂದ ಯಲ್ಲಾಲಿಂಗ. “ಕಿಡಕಿನೂ ತೆಗೀರಿ.”

ಮೃಣ್ಮಯಿ ಆಗಲೇ ಎದ್ದು ಕಿಟಕಿ ತೆಗೆಯುತ್ತಿದ್ದಳು.