ಮೇಷ್ಟ್ರು ತಿದ್ದಿದ ವಾಕ್ಯ

ಪದವೊಂದರ ಅರ್ಥ ಹೇಳುವ ಮುನ್ನ ಪುಟ್ಟಬಸವಯ್ಯ ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೂಗೂರಿನಿಂದ ಎರಡು ಬಸ್ಸು ಬದಲಿಸಿ ದೇವನೂರಿನ ಪ್ರೌಢಶಾಲೆಗೆ ಬರುತ್ತಿದ್ದ ಈ ಇಂಗ್ಲಿಷ್ ಮೇಷ್ಟ್ರು, ಬೇಸಿಗೆಯ ಉರಿಯಲ್ಲೂ ಕಳಚದ ಕಂದು ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ಚೂರುಗಳನ್ನು ತುಂಬಿಕೊಂಡು, ಎಡಗಾಲನ್ನು ತುಸು ಎಳೆಯುತ್ತ ತರಗತಿಯ ಉದ್ದಕ್ಕೂ ನಡೆದು, "ಅಂದ್ರೆ ಏನಪ್ಪಾ ಅಂದ್ರೆ" ಎಂದು ಆರಂಭಿಸಿದರೆಂದರೆ, ಎಂಥ ಪರದೇಶದ ಪದವೂ ನೆಂಟನಂತೆ ಜಗಲಿಗೆ ಬಂದು ಕೂರುತ್ತಿತ್ತು.

ಕಳೆದ ವರ್ಷ ಹತ್ತನೇ ತರಗತಿಗೆ 'ಸ್ಯಾಡಲ್ ವಿತ್' ಎಂಬ ಕ್ರಿಯಾಪದ ಬಂತು. ಸ್ಯಾಡಲ್ ಎಂದರೆ ಕುದುರೆಯ ಜೀನು. ಬೇಡವಾದ ಹೊಣೆಯನ್ನು ಇನ್ನಾರೋ ತಂದು ಒಬ್ಬರ ಬೆನ್ನಿಗೆ ಹೊರಿಸುವುದು ಇಡೀ ಪದದ ಅರ್ಥ. ಎಲ್ಲರೂ ಸ್ವಂತ ವಾಕ್ಯವೊಂದನ್ನು ಬರೆಯಬೇಕಿತ್ತು. ಬಿಂದುಶ್ರೀ ಎಂಬ ಹುಡುಗಿ ಇಂಗ್ಲಿಷಿನಲ್ಲಿ ಬರೆದದ್ದು ಹೀಗಿತ್ತು: 'ನನ್ನ ಚಿಕ್ಕಮ್ಮನ ಬೆನ್ನಿಗೆ ನನ್ನನ್ನು ಹೊರಿಸಿದ್ದಾರೆ.'

ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ಮೇಷ್ಟ್ರ ಕೆಂಪು ಪೆನ್ನು ಮುಂದಕ್ಕೆ ಹೋಗಲಿಲ್ಲ. ತಾಯಿಯಿಲ್ಲದ ಆ ಹುಡುಗಿ, ಪರೀಕ್ಷೆ ಮುಗಿದೊಡನೆ ಓದು ಬಿಟ್ಟು ತಾಂಡ್ಯದ ಕಾರ್ಖಾನೆಗೆ ಸೇರುತ್ತೇನೆಂದು ಗೆಳತಿಯರಿಗೆ ಹೇಳಿಕೊಂಡದ್ದು ಮೇಷ್ಟ್ರ ಕಿವಿಗೂ ಬಿದ್ದಿತ್ತು.

ಭಾನುವಾರ ಅವರು ಆ ನೋಟ್‌ಬುಕ್ಕನ್ನು ಹಿಡಿದು ಮನೆ ಹುಡುಕಿಕೊಂಡು ಹೋದರು. ಚಿಕ್ಕಮ್ಮ ರುದ್ರಾಣಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ಯಾಕ್ ಸಾ, ಓದಾಕಿಲ್ವಾ ಇವ್ಳು?"

"ಚೆನ್ನಾಗೇ ಓದ್ತಾಳೆ ಕಣವ್ವ. ಒಂದ್ ವಾಕ್ಯದ್ದೇ ಅನುಮಾನ," ಎಂದ ಮೇಷ್ಟ್ರು ಅದನ್ನು ಓದಿ, ಕಣ್ಣು ಮುಚ್ಚಿ, ಅರ್ಥ ಹೇಳಿದರು. ಬಾಗಿಲ ಮರೆಯಲ್ಲಿ ಬಿಂದುಶ್ರೀ ತಲೆ ತಗ್ಗಿಸಿ ನಿಂತಿದ್ದಳು.

ರುದ್ರಾಣಿಯ ಕೈ ನಿಂತಿತು. "ಒರಿಸ್ದೋರು ಯಾರು ಸಾ? ಅಕ್ಕ ತೀರ್ಕೊಂಡಾಗ ಇವ್ಳು ಮೂರ್ ತಿಂಗ್ಳ ಕೂಸು. ಇವ್ಳ ಅಪ್ಪನ ಕಡೆಯೋರು ಕೊಡಾಕಿಲ್ಲ ಅಂದ್ರು. ಜಗಳಾಡಿ, ಸೆರಗಲ್ಲಿ ಸುತ್ಕೊಂಡ್ ಬಂದೆ. ನಾನೇ ಬೇಕೂಂತ ತಂದದ್ದು!"

"ನನ್ನಿಂದ್ಲೇ ನೀನು ಮದ್ವೆ ಆಗ್ನಿಲ್ವಂತೆ, ಚಿಕ್ಕವ್ವ," ಒಳಗಿನಿಂದ ಸಣ್ಣ ದನಿ ಬಂತು.

"ನನ್ನ ನೋಡಾಕ್ ಬಂದೋರು ಕೂಸ್ನ ಬುಟ್ಟು ಬಾ ಅಂದ್ರು. ಅಂಥೋರು ಬ್ಯಾಡ ಅಂದೆ. ಅದ್ರಾಗೆ ನಿಂದೇನೇ ತಪ್ಪು?"

ಬಿಂದುಶ್ರೀ ಓಡಿಬಂದು ಅವಳ ಮಡಿಲಲ್ಲಿ ಮುಖವಿಟ್ಟಳು. ಬಿಡಿಸಿದ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು. ಮೇಷ್ಟ್ರು ಬೀದಿಯ ಕಡೆ ಮುಖ ತಿರುಗಿಸಿ, ಕೈಯಲ್ಲೇ ಇದ್ದ ಪೆನ್ನಿಗಾಗಿ ಜೇಬಿನಲ್ಲಿ ತಡಕಾಡಿದರು. ಆಮೇಲೆ ವಾಕ್ಯದ ಕೆಳಗೆ ಬರೆದರು: 'ವ್ಯಾಕರಣ ಸರಿ. ಪ್ರಯೋಗ ತಪ್ಪು.'

ಈಗ ಬಿಂದುಶ್ರೀ ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಆ ಭಾನುವಾರದ ಮಾತನ್ನು ಮೇಷ್ಟ್ರು ಶಾಲೆಯಲ್ಲಿ ಯಾರೊಡನೆಯೂ ಆಡಲಿಲ್ಲ.

ಇಂಥ ಮೇಷ್ಟ್ರುಗಳು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಮಕ್ಕಳು ಬರೆದದ್ದನ್ನು ಅವರು ಅಕ್ಷರಗಳೆಂದಷ್ಟೇ ಓದುವುದಿಲ್ಲ. ಅದು ಹುಟ್ಟಿದ ಮನೆಯ ಬಾಗಿಲವರೆಗೂ ನಡೆದು ಹೋಗುತ್ತಾರೆ. ಹೋದಲ್ಲಿ ದೊಡ್ಡದೇನನ್ನೂ ಮಾಡುವುದಿಲ್ಲ. ಯಾರೂ ಕೇಳದೆ ಬಿಟ್ಟಿದ್ದ ಒಂದು ಪ್ರಶ್ನೆಯನ್ನು ಕೇಳಿ, ಉತ್ತರ ಬರುವ ತನಕ ಕಾದು ಕೂರುತ್ತಾರೆ, ಅಷ್ಟೇ.