ಎರಡನೆಯ ರಸಬಾಳೆ

ಗಂಗಾಧರಸ್ವಾಮಿ ಹಣ್ಣನ್ನು ಸುಲಿಯುವ ಮೊದಲು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ರಮ್ಯಳನ್ನು ನೋಡಲು ನರಸೀಪುರದಿಂದ ಬಂದಿದ್ದ ಹುಡುಗನ ತಂದೆ ಅವರು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ತಾಂಬೂಲ ಬದಲಿಸುವುದಷ್ಟೇ ಬಾಕಿ.

"ನಂಜನಗೂಡು ರಸಬಾಳೆ! ಇದ್ರ ಗಮ ಮೂಗಿಗ್ ಬಿದ್ದು ಎಷ್ಟ್ ವರ್ಸ ಆಗಿತ್ತು ಕಣ್ರೀ. ರೋಗ ಬಂದು ನಮ್ ತೋಟ್ದಲ್ಲಿ ಒಂದ್ ಕಂದೂ ಉಳೀಲಿಲ್ಲ. ಯಾರ್ ತೋಟದ್ದು ಇದು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಮ್ಯಳ ತಾಯಿ ಸರ್ವಮಂಗಳಾ ಗಂಡ ಮಹದೇವನ ಮುಖವನ್ನೇ ನೋಡಿದಳು. "ಅಣ್ಣು ಇಡಿ, ಬ್ಯಾಡ ಅನ್ನಲ್ಲ. ಎಲ್ ಬೆಳ್ದಿದ್ದು ಅಂತ ಮಾತ್ರ ಬಾಯ್ ಬುಡ್‌ಬ್ಯಾಡಿ" ಎಂದು ಬೆಳಿಗ್ಗೆಯೇ ಹೇಳಿದ್ದಳು. ಮಹದೇವ ಹೂಂ ಅಂದಿದ್ದ. ಆದರೆ ಅವನಪ್ಪನ ತೋಟವೂ ಅದೇ ರೋಗಕ್ಕೆ ಹೋದದ್ದು. ಎಲ್ಲಿಂದಲೋ ಒಂದು ಕಂದು ತಂದು, ಕೆಲಸದ ಜಾಗದಲ್ಲಿ ನೆಟ್ಟು, ಮಗುವಿನಂತೆ ಸಾಕಿ ಪಡೆದ ಗೊನೆ ಇದು. ಹೊಗಳಿಕೆ ಕೇಳಿ, ಪಾಪ, ಕರಗಿಬಿಟ್ಟ.

"ನಾನೇ ಬೆಳ್ದಿದ್ದು. ನಮ್ ಪ್ಲಾಂಟಲ್ಲಿ."

"ಯಾವ್ ಪ್ಲಾಂಟು? ನೀರಿನ್ ಆಫೀಸು ಅಂದಿದ್ರಿ?" ಗಂಗಾಧರಸ್ವಾಮಿ ಎರಡನೆಯ ಹಣ್ಣು ಸುಲಿಯುತ್ತಿದ್ದರು.

"ನೀರಿಂದೇ. ಊರಿನ್ ಕೊಳಚೆ ನೀರ್ನ ಕ್ಲೀನ್ ಮಾಡಿ ಒಳೆಗೆ ಬುಡ್ತೀವಿ. ಆ ಕ್ಲೀನಾದ್ ನೀರೇ ಇದ್ಕೆ ಕಟ್ಟಿದ್ದು. ಒಂಚೂರೂ ವಾಸ್ನೆ ಇರಲ್ಲ."

"ಕಕ್ಕಸ್ ನೀರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರ್ಧ ಸುಲಿದ ಹಣ್ಣು ತಟ್ಟೆಗೆ ಮರಳಿತು. ಯಾರೂ ಒರಟಾಗಿ ಮಾತಾಡಲಿಲ್ಲ, ಆಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹುಡುಗ ರಮ್ಯಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

"ತಾಂಬೂಲ ಇನ್ನೊಂದಿನ ನೋಡನ. ಏಳಿ ಕಳಿಸ್ತೀವಿ" ಎಂದು ಗಂಗಾಧರಸ್ವಾಮಿ ಎದ್ದರು. ಹಾಗೆ ಎದ್ದು ಹೋದವರು ಯಾವ ಕಾಲಕ್ಕೆ ಹೇಳಿ ಕಳಿಸಿದ್ದಾರೆ! ಮಹದೇವನಿಗೆ ತನ್ನ ನಾಲಗೆಯನ್ನೇ ಕಿತ್ತೆಸೆಯಬೇಕೆನಿಸಿತು.

ಅವರ ಕನ್ನಡಕ ಚಾಪೆಯ ಮೇಲೇ ಉಳಿದಿತ್ತು. ಅದನ್ನು ಜೇಬಿಗಿಟ್ಟುಕೊಂಡು ಬೈಕಿನಲ್ಲಿ ಹಿಂದೆಯೇ ಹೋದ. ಕಾಲು ಹಿಡಿದಾದರೂ ಕೇಳಿಬಿಡೋಣ ಎಂಬ ಆಸೆಯೂ ಇತ್ತು.

ಕಾರು ಸ್ನಾನಘಟ್ಟದ ಬಳಿ ನಿಂತಿತ್ತು. ಗಂಗಾಧರಸ್ವಾಮಿ ಪಂಚೆ ಎತ್ತಿಕಟ್ಟಿ ಕಪಿಲೆಗಿಳಿದು, ಬೊಗಸೆ ಬೊಗಸೆ ನೀರು ತುಂಬಿ ಬಾಯಿ ಮುಕ್ಕಳಿಸುತ್ತಿದ್ದರು. ತುಸು ಮೇಲುಗಡೆ, ಪ್ಲಾಂಟಿನ ಪೈಪಿಗೆ ಇನ್ನೂ ಸೇರದ ಬೀದಿಗಳ ಚರಂಡಿಯೊಂದು ಪೊದೆಗಳ ಮರೆಯಲ್ಲಿ ನೇರವಾಗಿ ಹೊಳೆಗೆ ಬೀಳುತ್ತಿತ್ತು.

"ಯಜಮಾನ್ರೇ, ಆ ನೀರು..." ಎಂದ ಮಹದೇವ.

ಅವರು ತಿರುಗಿ ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ. "ಮನ್ಸಿಗ್ ಅಚ್ಕೋಬ್ಯಾಡಿ ಮಾದೇವಪ್ನೋರೇ. ತಿಳೀದೆ ತಿಂದಿದ್ದು. ತಾಯಿ ಎಲ್ಲಾನೂ ತೊಳೀತಾಳೆ" ಎಂದು ಕೊನೆಯ ಬೊಗಸೆಯನ್ನು ಕಣ್ಣಿಗೊತ್ತಿಕೊಂಡು ಕುಡಿದರು.

ಮಹದೇವ ಕನ್ನಡಕವನ್ನು ಅವರ ಒದ್ದೆ ಕೈಗಿಟ್ಟು ಮೆಟ್ಟಿಲು ಹತ್ತಿದ. 

ಮನೆಯಲ್ಲಿ ತಟ್ಟೆ ಹಾಗೇ ಇತ್ತು. ರಮ್ಯ ಇನ್ನೂ ಅವರಿಗಾಗಿ ಉಟ್ಟಿದ್ದ ಹೊಸ ಸೀರೆಯಲ್ಲೇ ಚಾಪೆಯ ಮೇಲೆ ಕೂತಿದ್ದಳು.

"ಏನಾರ ಅಂದ್ರಾ, ಅಪ್ಪ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಆ ಎರಡನೆಯ ಹಣ್ಣನ್ನೆತ್ತಿಕೊಂಡು, ಗಾಳಿಗೆ ಕಪ್ಪಾಗಿದ್ದ ತುದಿಯನ್ನು ಮುರಿದು ಪಕ್ಕಕ್ಕಿಟ್ಟಳು. ಉಳಿದ ಸಿಪ್ಪೆ ಬಿಡಿಸಿ ನಿಧಾನವಾಗಿ ತಿನ್ನತೊಡಗಿದಳು.